ಮಸ್ಕಿ ಶಾಸನದ ಚುಕ್ಕೆಗಳು ಎಲ್ಲಿ ಹೋದವು?

"ದೇವಾನಂಪಿಯಸ ಅಸೋಕಸ ಅಢತಿಯಾನಿ ವಸಾನಿ." ಮಸ್ಕಿ ಶಾಸನದ ಆರಂಭ ಅಂತ ಯಾರಾದರೂ ಹೀಗೆ ಬರೆದು ಕಳಿಸಿದರೆ ಅನುಮಾನವೇ ಬರೋದಿಲ್ಲ. ಪ್ರಾಕೃತದ ಗಂಧ ಇದ್ದವರು ಅರ್ಥವನ್ನೂ ಮಾಡಿಕೊಳ್ಳುತ್ತಾರೆ. ದೇವಾನಾಂಪ್ರಿಯ ಅಶೋಕನ ಎರಡೂವರೆ ವರ್ಷಗಳು. ಇನ್ನೂ ಸ್ವಲ್ಪ ಮುಂದೆ ಹೋಗುವವರು, ಅಶೋಕ ಪಟ್ಟಕ್ಕೆ ಬಂದು ಎರಡೂವರೆ ವರ್ಷ ಆದಾಗ ಈ ಶಾಸನ ಹಾಕಿಸಿದ ಅಂತಲೂ ಹೇಳಿಬಿಡಬಹುದು. ವಿಭಕ್ತಿ ಸರಿಯಾಗಿ ಕೂತಿದೆ, ವಾಕ್ಯವೂ ನಿಲ್ಲುತ್ತದೆ. ಆದರೆ ಶಾಸನ ಹಾಗೆ ಹೇಳುವುದೇ ಇಲ್ಲ.

ಅಚ್ಚಾದ ಪಾಠ ತೆಗೆದು ನೋಡಿ. "ಅಸೋಕಸ" ಆದ ಮೇಲೆ ಸಾಲಾಗಿ ಚುಕ್ಕೆಗಳಿವೆ. ಅಲ್ಲಿ ಕಲ್ಲು ಕೆಟ್ಟಿದೆ, ಕೆಲವು ಅಕ್ಷರ ಹೋಗಿವೆ. "ಅಢತಿಯಾನಿ ವಸಾನಿ", ಅಂದರೆ ಎರಡೂವರೆ ವರ್ಷ, ಬರುವುದು ಆ ಖಾಲಿ ಜಾಗ ದಾಟಿದ ಮೇಲೆ. ಹೋದ ಜಾಗದಲ್ಲಿ "ವಚನೇನ" ಎಂಬಂಥ ಪದ ಇತ್ತು ಎಂದು ವಿದ್ವಾಂಸರು ತುಂಬಿಕೊಳ್ಳುವುದುಂಟು. ಆಗ "ಅಶೋಕನ ಮಾತಿನಂತೆ" ಎಂಬಲ್ಲಿಗೆ ಒಂದು ಘಟಕ ಮುಗಿಯುತ್ತದೆ. ಎರಡೂವರೆ ವರ್ಷದ ಮಾತು ಬೇರೆಯೇ ವಾಕ್ಯ, ರಾಜ ತಾನು ಬೌದ್ಧ ಉಪಾಸಕನಾಗಿ ಎಷ್ಟು ಕಾಲವಾಯಿತು ಅನ್ನುವ ಲೆಕ್ಕ ಅದು. ಅಂದರೆ ಆ ಚುಕ್ಕೆಗಳು ಅಲಂಕಾರವಲ್ಲ. ಅವು ಬಿದ್ದುಹೋದರೆ ಇಲ್ಲದ ಒಂದು ವಾಕ್ಯ ಹುಟ್ಟಿಕೊಳ್ಳುತ್ತದೆ.

ಪುಸ್ತಕದಲ್ಲಿದ್ದ ಚುಕ್ಕೆ ಪರದೆಗೆ ಬರುವಷ್ಟರಲ್ಲಿ ಎಲ್ಲಿ ಬಿದ್ದುಹೋಗುತ್ತದೆ? ಟೈಪ್ ಮಾಡುವವರ ಬೇಸರ ಒಂದು ಕಾರಣ, ನಿಜ. ಆದರೆ ಟೈಪ್ ಮಾಡಿದವರು ನಿಷ್ಠೆಯಿಂದ ಎಲ್ಲ ಗುರುತನ್ನೂ ಹಾಕಿದ್ದರೂ ಅವು ಕಳೆದುಹೋಗುವ ಇನ್ನೊಂದು ಜಾಗ ಇದೆ. ಗುರುತು ಹಾಕಿದ ಪಠ್ಯವನ್ನು ಕಂಪ್ಯೂಟರ್ ಒಂದು ಮರವಾಗಿ ಮಾಡಿಕೊಂಡು, ಆ ಮರವನ್ನು ಮತ್ತೆ ಅಕ್ಷರದ ಸಾಲಾಗಿ ಹೊರಗೆ ಬರೆಯುತ್ತದಲ್ಲ, ಆ ಜಾಗ. ಸಾಫ್ಟ್‌ವೇರ್ ಮಂದಿ ಇದಕ್ಕೆ ಸೀರಿಯಲೈಸ್ ಮಾಡೋದು ಅಂತಾರೆ. ಶಾಸನದ ಬ್ಲಾಗಿನಲ್ಲಿ ಇದ್ಯಾಕಪ್ಪಾ ಅನ್ನಬೇಡಿ. ಶಾಸನ ಓದುವವರು ನೂರು ವರ್ಷದಿಂದ ಕೈಯಲ್ಲೇ ಮಾಡುತ್ತಾ ಬಂದ ಕೆಲಸ ಇದು.

ಮೊದಲು ಕಲ್ಲಿನ ವಿಷಯ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ನಡುವೆ ಸಿಗುವ ಊರು ಮಸ್ಕಿ. ಇತ್ತೀಚಿನವರೆಗೂ ಲಿಂಗಸುಗೂರು ತಾಲೂಕಿನಲ್ಲಿತ್ತು, ಈಗ ತಾನೇ ತಾಲೂಕು. ಹಟ್ಟಿ ಚಿನ್ನದ ಗಣಿ ಇಲ್ಲಿಂದ ದೂರವಿಲ್ಲ. ಈ ಭಾಗ ನಿಜಾಮನ ಸಂಸ್ಥಾನದಲ್ಲಿದ್ದಾಗ, 1915ರ ಜನವರಿಯಲ್ಲಿ, ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ದುರ್ಗದ ಗುಡ್ಡದ ಬಂಡೆಯ ಮೇಲಿನ ಈ ಬರಹವನ್ನು ಕಂಡ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿದರು. ಹೈದರಾಬಾದ್ ಪುರಾತತ್ವ ಮಾಲೆಯ ಮೊದಲನೇ ಪುಸ್ತಕವೇ ಅದು. ಪುರಾತತ್ವದವರಲ್ಲದ ಎಂಜಿನಿಯರೊಬ್ಬ ಇದನ್ನು ಕಂಡುಹಿಡಿದ ಅನ್ನುವುದು ನನ್ನಂಥವರಿಗೆ ಒಳಗೊಳಗೇ ಖುಷಿಯ ಸಂಗತಿ.

ಈ ಶಾಸನಕ್ಕೆ ಅಷ್ಟು ಬೆಲೆ ಯಾಕೆ ಅನ್ನುವುದು ಇಲ್ಲಿ ಓದುವ ಬಹುತೇಕರಿಗೆ ಗೊತ್ತು, ಆದರೂ ಎರಡು ಮಾತು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿಯನ್ನು ಓದಿದಾಗ ಕಂಬಗಳಲ್ಲೂ ಬಂಡೆಗಳಲ್ಲೂ ಸಿಕ್ಕಿದ್ದು "ದೇವಾನಂಪಿಯ ಪಿಯದಸಿ" ಎಂಬ ಬಿರುದು ಮಾತ್ರ. ಆ ಪಿಯದಸಿ ಅಶೋಕನೇ ಎಂದು ಜಾರ್ಜ್ ಟರ್ನರ್ ಸಿಂಹಳದ ಪಾಳಿ ವೃತ್ತಾಂತಗಳಿಂದ ತೋರಿಸಿಕೊಟ್ಟ. ಕಲ್ಲೇ ಆ ಹೆಸರು ಹೇಳಿದ್ದು ಮಸ್ಕಿಯಲ್ಲಿ, ಸುಮಾರು ಎಂಟು ದಶಕದ ನಂತರ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ ಸಿಕ್ಕಿತು, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳಂಗಳಲ್ಲೂ ಸಿಕ್ಕಿತು. ಸಿಂಧನೂರಿನಿಂದ ತುಂಗಭದ್ರೆ ದಾಟಿ ಸಿರುಗುಪ್ಪದ ಕಡೆ ಹೋದರೆ ಇವೆರಡೂ ಅಲ್ಲೇ. ಹೆಸರಿನ ವಿಷಯದಲ್ಲಿ ಈಗ ತಕರಾರಿಲ್ಲ. ತಕರಾರು ಇರುವುದೆಲ್ಲ ಹೆಸರಿನ ಪಕ್ಕದಲ್ಲಿ.

ಪಾಠ ಎಂಟೇ ಸಾಲು. 1925ರಲ್ಲಿ ಹುಲ್ಟ್ಶ್ ಅಶೋಕನ ಶಾಸನಗಳ ದೊಡ್ಡ ಸಂಪುಟ ಹೊರತಂದಾಗ ಮಸ್ಕಿಯೂ ಅದರಲ್ಲಿ ಸೇರಿತು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಪ್ರತಿಗಳು ಆಮೇಲೆ ಬೆಳಕಿಗೆ ಬಂದು, ಆರ್. ಎಲ್. ಟರ್ನರ್ 1932ರಲ್ಲಿ ಅವನ್ನು ಸಂಪಾದಿಸಿದರು. ಒಂದೇ ಆಜ್ಞೆಯ ಬೇರೆ ಬೇರೆ ಪ್ರತಿಗಳು ಸಿಕ್ಕಂತೆಲ್ಲ ಮಸ್ಕಿಯಲ್ಲಿ ಹೋದ ಅಕ್ಷರಗಳನ್ನು ಅವುಗಳ ನೆರವಿನಿಂದ ಊಹಿಸುವುದು ಸುಲಭವಾಯಿತು. ಅಪಾಯವೂ ಹೆಚ್ಚಿತು ಅನ್ನಿ. ಬ್ರಹ್ಮಗಿರಿಯ ಕಡೆಯ ಪ್ರತಿಯಲ್ಲಿ "ಉಪಾಸಕೆ" ಇರುವ ಜಾಗದಲ್ಲಿ ಮಸ್ಕಿಯಲ್ಲಿ ಓದಿರುವುದು "ಬುಧಸಕೆ". ಬೇರೆ ಪ್ರತಿ ನೋಡಿಕೊಂಡು ಮಸ್ಕಿಯನ್ನು ತುಂಬುತ್ತಾ ಹೋಗುವ ಕೈ ಇಂಥಲ್ಲೂ ನಿಲ್ಲದೆ ಹೋದರೆ ಮಸ್ಕಿಯದೇ ಆದ ಮಾತು ಅಳಿಸಿಹೋಗುತ್ತದೆ. ಆದ್ದರಿಂದ ಯಾವುದು ಕಲ್ಲಿನಲ್ಲಿದೆ, ಯಾವುದು ಅರೆಬರೆ ಕಾಣುತ್ತದೆ, ಯಾವುದು ಸಂಪಾದಕರು ತುಂಬಿದ್ದು, ಯಾವ ಆಧಾರದಿಂದ ತುಂಬಿದ್ದು, ಈ ನಾಲ್ಕೂ ಪಾಠದ ಜೊತೆಗೇ ಪ್ರಯಾಣ ಮಾಡಬೇಕು.

ಅದಕ್ಕಾಗಿಯೇ ಕಂಸಗಳು ಹುಟ್ಟಿದ್ದು. ಗ್ರೀಕ್, ಲ್ಯಾಟಿನ್ ಶಾಸನದವರೂ ಪಪೈರಸ್ ಓದುವವರೂ 1931ರಲ್ಲಿ ಲೈಡನ್‌ನಲ್ಲಿ ಸೇರಿ ಒಂದು ಪದ್ಧತಿಗೆ ಬಂದರು. ಚೌಕ ಕಂಸದೊಳಗೆ ಇದ್ದರೆ ಅದು ಪೂರ್ತಿ ಹೋಗಿದೆ, ಸಂಪಾದಕರು ತುಂಬಿದ್ದಾರೆ ಎಂದರ್ಥ. ಅಕ್ಷರದ ಕೆಳಗೆ ಚುಕ್ಕೆ ಇದ್ದರೆ ಓದು ಅನುಮಾನದ್ದು. ಕೋನ ಕಂಸ ಇದ್ದರೆ ಕೆತ್ತಿದವನು ಮರೆತ ಅಕ್ಷರವನ್ನು ಸಂಪಾದಕರು ಸೇರಿಸಿದ್ದಾರೆ. ನಮ್ಮ ಎಪಿಗ್ರಾಫಿಯಾ ಇಂಡಿಕಾದ ಸಂಪ್ರದಾಯ ಬೇರೆ. ಅಲ್ಲಿ ಬಹುಮಟ್ಟಿಗೆ ಚೌಕ ಕಂಸ ಅಂದರೆ ಅಕ್ಷರ ಸವೆದಿದೆ, ಆದರೆ ಕುರುಹು ಇದೆ. ದುಂಡು ಕಂಸ ಅಂದರೆ ತಿದ್ದುಪಡಿ. ನಕ್ಷತ್ರ ಸೇರಿದರೆ ಕಲ್ಲಿನಲ್ಲಿ ಇಲ್ಲದ್ದನ್ನು ಸೇರಿಸಿದ್ದು. ಹಾಗಾಗಿ ಅದೇ ಚೌಕ ಕಂಸ ಒಂದು ಕಡೆ "ಇಲ್ಲವೇ ಇಲ್ಲ" ಅನ್ನುತ್ತದೆ, ಇನ್ನೊಂದು ಕಡೆ "ಇದೆ, ಮಸುಕಾಗಿದೆ" ಅನ್ನುತ್ತದೆ. ಇನ್ನು ಲೈಡನ್‌ನ ಕೆಳಚುಕ್ಕೆ ನಮ್ಮ ರೋಮನ್ ಲಿಪ್ಯಂತರಕ್ಕೆ ಆಗಿಬರುವುದೇ ಇಲ್ಲ. ಟ, ಡ, ಣ, ಷ ಬರೆಯಲು ಆ ಚುಕ್ಕೆ ಆಗಲೇ ಖರ್ಚಾಗಿದೆ.

ಬರೀ ಕಂಸ ಇರುವ ಪಾಠವನ್ನು ಯಂತ್ರಕ್ಕೆ ಕೊಟ್ಟರೆ ಅದು ಯಾವ ಸಂಪ್ರದಾಯದ ಕಂಸ ಅಂತ ಅದಕ್ಕೆ ತಿಳಿಯುವ ದಾರಿಯಿಲ್ಲ. ಆದ್ದರಿಂದ ಕಂಸದ ಬದಲು ಅರ್ಥವನ್ನೇ ಬರೆದಿಡೋಣ ಅನ್ನುವುದು ಎಪಿಡಾಕ್ ಎಂಬ ಕ್ರಮದ ಮೂಲ ಯೋಚನೆ. ಟೆಕ್ಸ್ಟ್ ಎನ್‌ಕೋಡಿಂಗ್ ಇನಿಶಿಯೇಟಿವ್‌ನ ಎಕ್ಸ್‌ಎಂಎಲ್ ಟ್ಯಾಗುಗಳಲ್ಲಿ ಶಾಸನಕ್ಕೆ ಬೇಕಾದಷ್ಟನ್ನು ಆರಿಸಿಕೊಂಡ ಕ್ರಮ ಇದು. 1990ರ ದಶಕದ ಕೊನೆಗೆ ಅಮೆರಿಕದ ಚಾಪೆಲ್ ಹಿಲ್‌ನಲ್ಲಿ ಟಾಮ್ ಎಲಿಯಟ್ ಮತ್ತು ಗೆಳೆಯರು ಶುರು ಮಾಡಿದ್ದು. ನಮ್ಮ ಕಡೆಯ ಶಾಸನಗಳಿಗೆ ಸಿದ್ಧಂ ಎಂಬ ದತ್ತಸಂಚಯ, ಆಮೇಲೆ 2019ರಲ್ಲಿ ಶುರುವಾದ ಯುರೋಪಿನ ಧರ್ಮ ಯೋಜನೆ ಇದನ್ನೇ ಬಳಸಿಕೊಂಡವು. ಟ್ಯಾಗುಗಳ ಹೆಸರು ಅಲ್ಲೆಲ್ಲ ಇಂಗ್ಲಿಷಿನಲ್ಲಿರುತ್ತದೆ. ಎಕ್ಸ್‌ಎಂಎಲ್ ನಿಯಮದ ಪ್ರಕಾರ ಕನ್ನಡದಲ್ಲೂ ಇರಬಹುದು, ಅದಕ್ಕೆ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಮಸ್ಕಿಯ ಆರಂಭ ಸುಮಾರಾಗಿ ಹೀಗೆ (ಮುಂದಿನ ಸಾಲು ಎಲ್ಲಿ ಒಡೆಯುತ್ತದೆ ಅನ್ನುವುದನ್ನು ಸದ್ಯಕ್ಕೆ ಬಿಟ್ಟಿದ್ದೇನೆ):

<ಪಾಠ><ಸಾಲು ಸಂಖ್ಯೆ="1"/>ದೇವಾನಂಪಿಯಸ ಅಸೋಕಸ <ತ್ರುಟಿತ ಕಾರಣ="ನಷ್ಟ"/> ಅಢತಿಯಾನಿ ವಸಾನಿ</ಪಾಠ>

ಇದನ್ನು ಓದಿದ ಪ್ರೋಗ್ರಾಂ ಮನಸ್ಸಿನಲ್ಲಿ ಒಂದು ಮರ ಕಟ್ಟಿಕೊಳ್ಳುತ್ತದೆ. "ಪಾಠ" ಬುಡ. ಅದಕ್ಕೆ ನಾಲ್ಕು ಮಕ್ಕಳು: ಸಾಲಿನ ಗುರುತು, "ದೇವಾನಂಪಿಯಸ ಅಸೋಕಸ" ಎಂಬ ಪಠ್ಯದ ತುಂಡು, ತ್ರುಟಿತದ ಗುರುತು, ಉಳಿದ ಪಠ್ಯದ ತುಂಡು. ಒಮ್ಮೆ ಮರವಾದ ಮೇಲೆ ಕೋನ ಕಂಸಗಳು, ಉದ್ಧರಣ ಚಿಹ್ನೆಗಳು ಅಲ್ಲಿರುವುದಿಲ್ಲ. ಮತ್ತೆ ಪಠ್ಯ ಬೇಕಾದಾಗ ಪ್ರೋಗ್ರಾಂ ಬುಡದಿಂದ ಹತ್ತುತ್ತದೆ. ಕೊಂಬೆಗೆ ಕಾಲಿಟ್ಟಾಗ ತೆರೆಯುವ ಟ್ಯಾಗ್ ಬರೆ, ಅದರ ಮಕ್ಕಳನ್ನೆಲ್ಲ ಎಡದಿಂದ ಬಲಕ್ಕೆ ಮುಗಿಸು, ಕೊಂಬೆ ಬಿಡುವಾಗ ಮುಚ್ಚುವ ಟ್ಯಾಗ್ ಬರೆ. ಎಲೆ, ಅಂದರೆ ಪಠ್ಯದ ತುಂಡು, ಸಿಕ್ಕರೆ ಅದನ್ನು ಹಾಗೇ ಬರೆ. ಮುಖ್ಯ ನಿಯಮ ಇಷ್ಟೇ.

ಚುಕ್ಕೆ ಬೀಳುವುದು ಇಲ್ಲೇ. ಮರದಿಂದ ಹೊರಗೆ ಬರಲು ಎರಡು ಬಾಗಿಲಿವೆ. ಒಂದರಲ್ಲಿ ಟ್ಯಾಗು ಸಮೇತ ಬರೆಯುತ್ತದೆ, ಇನ್ನೊಂದರಲ್ಲಿ ಎಲೆಗಳನ್ನು ಮಾತ್ರ ಉದುರಿಸಿಕೊಂಡು ಬರುತ್ತದೆ. ವೆಬ್ ಪುಟದಿಂದ "ಪಠ್ಯ ಮಾತ್ರ ಕೊಡು" ಎಂದು ಕೇಳುವ ಪ್ರತಿಯೊಂದು ಉಪಕರಣವೂ ಎರಡನೇ ಬಾಗಿಲಿನಿಂದ ಹೋಗುತ್ತದೆ. ಹುಡುಕು ಯಂತ್ರ, ನಕಲು ಮಾಡಿ ಅಂಟಿಸುವ ಕೈ, ಪದಸೂಚಿ ತಯಾರಿಸುವ ಸ್ಕ್ರಿಪ್ಟ್ ಎಲ್ಲಕ್ಕೂ ಅದೇ ಬಾಗಿಲು. "ತ್ರುಟಿತ" ಎಂಬ ಕೊಂಬೆಗೆ ಎಲೆಯೇ ಇಲ್ಲ, ಅದು ಖಾಲಿ. ಹಾಗಾಗಿ ಅದರ ಕಡೆಯಿಂದ ಏನೂ ಬರುವುದಿಲ್ಲ. ಪರಿಣಾಮ: "ದೇವಾನಂಪಿಯಸ ಅಸೋಕಸ ಅಢತಿಯಾನಿ ವಸಾನಿ". ಯಾರೂ ಸುಳ್ಳು ಹೇಳಲಿಲ್ಲ. ಸಂಪಾದಕರು ಸರಿಯಾಗಿ ಗುರುತು ಹಾಕಿದ್ದರು, ಯಂತ್ರ ಕೇಳಿದ್ದನ್ನೇ ಕೊಟ್ಟಿತು, ನಡುವೆ ಅಶೋಕನಿಗೆ ಎರಡೂವರೆ ವರ್ಷ ಅಂಟಿಕೊಂಡಿತು. ಇದಕ್ಕೆ ತದ್ವಿರುದ್ಧವಾದದ್ದು ತುಂಬಿದ ಪಾಠದಲ್ಲಿ ಆಗುತ್ತದೆ. "ವಚನೇನ" ಎಂಬುದನ್ನು <ತುಂಬಿದ್ದು> ಎಂಬ ಟ್ಯಾಗಿನೊಳಗೆ ಇಟ್ಟಿದ್ದರೆ, ಎಲೆ ಉದುರಿಸುವಾಗ ಟ್ಯಾಗು ಹೋಗಿ ಪದ ಉಳಿಯುತ್ತದೆ. ಊಹೆ ಕಲ್ಲಿನ ಮಾತಾಗಿಬಿಡುತ್ತದೆ.

ಆದ್ದರಿಂದ ಶಾಸನಕ್ಕೆ "ಪಠ್ಯ ಮಾತ್ರ" ಅನ್ನುವ ಬಾಗಿಲು ಕೂಡದು ಅನ್ನುವುದು ನನ್ನ ಪಕ್ಕಾ ಅಭಿಪ್ರಾಯ. ಸಾದಾ ಪಠ್ಯ ಬೇಕಿದ್ದರೂ ಮರ ಹತ್ತುವ ಪ್ರೋಗ್ರಾಂ ತ್ರುಟಿತ ಕಂಡಲ್ಲಿ ಚುಕ್ಕೆ ಹಾಕಬೇಕು, ತುಂಬಿದ್ದು ಕಂಡಲ್ಲಿ ಕಂಸ ಹಾಕಬೇಕು. ಒಳ್ಳೆಯ ಸುದ್ದಿ ಏನೆಂದರೆ, ಮರದಲ್ಲಿ ಅರ್ಥ ಇರುವುದರಿಂದ ಅದೇ ಮರದಿಂದ ಲೈಡನ್ ಕಂಸವನ್ನೂ ತೆಗೆಯಬಹುದು, ಎಪಿಗ್ರಾಫಿಯಾ ಇಂಡಿಕಾದ ಕಂಸವನ್ನೂ ತೆಗೆಯಬಹುದು. ಕಂಸದಿಂದ ಮರಕ್ಕೆ ಹೋಗುವುದು ಕಷ್ಟ, ಮರದಿಂದ ಕಂಸಕ್ಕೆ ಬರುವುದು ಸಲೀಸು.

ಹಾಗಂತ ಟ್ಯಾಗು ಸಮೇತ ಬರೆಯುವ ಮೊದಲ ಬಾಗಿಲು ಪೂರಾ ಸುರಕ್ಷಿತವೂ ಅಲ್ಲ. ಲೈಡನ್‌ನ ಕೋನ ಕಂಸವನ್ನೇ ತೆಗೆದುಕೊಳ್ಳಿ. ಕೆತ್ತಿದವನು "ಸ" ಮರೆತಿದ್ದಾನೆ, ಸಂಪಾದಕರು ಕೋನ ಕಂಸದಲ್ಲಿ ಸೇರಿಸಿದ್ದಾರೆ. ಅದನ್ನು ಯಾರೋ ವೆಬ್ ಪುಟಕ್ಕೆ ನೇರವಾಗಿ ಟೈಪ್ ಮಾಡುತ್ತಾರೆ. ರೋಮನ್ ಲಿಪಿಯಲ್ಲಿ ಮಾಡಿದ್ದರೆ ಬ್ರೌಸರ್ ಅದನ್ನು ತನಗೆ ಗೊತ್ತಿಲ್ಲದ ಒಂದು ಟ್ಯಾಗ್ ಅಂದುಕೊಂಡು ನುಂಗಿಬಿಡುತ್ತದೆ, ಪರದೆಯ ಮೇಲೆ ಅಕ್ಷರವೇ ಕಾಣುವುದಿಲ್ಲ. ಅಂದರೆ ಕೆತ್ತಿದವನು ಮರೆತ ಅಕ್ಷರ ಎರಡನೇ ಸಲ ಕಳೆದುಹೋಯಿತು. ಆ ಮರವನ್ನು ಮತ್ತೆ ಬರೆಸಿದರೆ ಪ್ಯಾರಾದ ಕೊನೆಯಲ್ಲಿ ಆ ಟ್ಯಾಗಿಗೆ ಒಂದು ಮುಚ್ಚುವ ಟ್ಯಾಗೂ ಪ್ರತ್ಯಕ್ಷವಾಗುತ್ತದೆ! ಕನ್ನಡ ಲಿಪಿಯಲ್ಲಿ <ಸ> ಎಂದು ಬರೆದಿದ್ದರೆ ಬಚಾವ್. ಎಚ್‌ಟಿಎಂಎಲ್‌ನಲ್ಲಿ ಟ್ಯಾಗಿನ ಹೆಸರು ಇಂಗ್ಲಿಷ್ ಅಕ್ಷರದಿಂದಲೇ ಶುರುವಾಗಬೇಕು, ಆದ್ದರಿಂದ ಬ್ರೌಸರ್ ಅದನ್ನು ಸಾದಾ ಪಠ್ಯ ಎಂದು ಬಿಟ್ಟುಬಿಡುತ್ತದೆ. ಅದನ್ನೇ ಎಕ್ಸ್‌ಎಂಎಲ್ ಓದುವ ಪ್ರೋಗ್ರಾಮಿಗೆ ಕೊಟ್ಟರೆ, "ಸ" ಎಂಬ ಟ್ಯಾಗ್ ತೆರೆದಿದೆ, ಮುಚ್ಚಿಲ್ಲ ಎಂದು ತಕರಾರು ಮಾಡಿ ಅಲ್ಲೇ ನಿಲ್ಲುತ್ತದೆ. ಮೂರಕ್ಷರದ ಬರಹಕ್ಕೆ ಮೂರು ಗತಿ.

ಇದಕ್ಕೆ ಮದ್ದು ಎಂದರೆ ಪಠ್ಯದೊಳಗಿನ ಕೋನ ಕಂಸವನ್ನು ಬರೆಯುವಾಗ &#60; ಎಂಬ ಸಂಕೇತವಾಗಿ ಬರೆಯುವುದು. ಒಳ್ಳೆಯ ಸೀರಿಯಲೈಸರ್ ಇದನ್ನು ತಾನೇ ಮಾಡುತ್ತದೆ. ಆದರೆ ಒಬ್ಬರು ಕೈಯಲ್ಲಿ ಆಗಲೇ ಮಾಡಿಟ್ಟ ಪಠ್ಯವನ್ನು ಇನ್ನೊಬ್ಬರು ಸಾದಾ ಪಠ್ಯ ಎಂದುಕೊಂಡು ಮತ್ತೊಮ್ಮೆ ಬರೆಸಿದರೆ &#38;#60; ಆಗುತ್ತದೆ, ಓದುಗರಿಗೆ ಕಂಸದ ಬದಲು ಅಂಕಿ ಕಾಣುತ್ತದೆ. ಹಳೆಯ ಜಾಲತಾಣಗಳಲ್ಲಿ ಪದದ ನಡುವೆ ವಿಚಿತ್ರ ಅಂಕಿಗಳು ಕಂಡರೆ ಬಹಳಷ್ಟು ಸಲ ಇದೇ ಕಾರಣ.

ಖಾಲಿ ಟ್ಯಾಗಿನ ಕಥೆ ಇನ್ನೂ ಮೋಜಿನದು. <ತ್ರುಟಿತ/> ಎಂಬಲ್ಲಿ ಕೊನೆಯ ಓರೆಗೆರೆ "ಇದು ಇಲ್ಲೇ ಮುಗಿಯಿತು" ಅನ್ನುತ್ತದೆ. ಎಕ್ಸ್‌ಎಂಎಲ್ ಅದನ್ನು ಗೌರವಿಸುತ್ತದೆ. ಎಚ್‌ಟಿಎಂಎಲ್ ಓದುವ ಬ್ರೌಸರ್ ತನಗೆ ಪರಿಚಯವಿಲ್ಲದ ಟ್ಯಾಗಿನಲ್ಲಿ ಆ ಓರೆಗೆರೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಪಿಡಾಕ್‌ನಲ್ಲಿ ತ್ರುಟಿತಕ್ಕೆ ಇರುವ ಇಂಗ್ಲಿಷ್ ಟ್ಯಾಗನ್ನು ಹಾಗೇ ತಂದು ವೆಬ್ ಪುಟಕ್ಕೆ ಅಂಟಿಸಿದರೆ, ಅಲ್ಲಿಂದ ಪ್ಯಾರಾ ಮುಗಿಯುವ ತನಕ ಇರುವ ಎಲ್ಲವೂ ತ್ರುಟಿತದ ಹೊಟ್ಟೆಯೊಳಗೆ ಹೋಗುತ್ತದೆ. ತ್ರುಟಿತ ಭಾಗ ಬೂದುಬಣ್ಣದಲ್ಲಿರಲಿ ಎಂದು ಸ್ಟೈಲ್ ಕೊಟ್ಟಿದ್ದರೆ, ಚೆನ್ನಾಗಿ ಉಳಿದಿರುವ ಶಾಸನವೆಲ್ಲ ಬೂದು.

ಪೈಥಾನ್‌ನಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಎಲ್‌ಎಕ್ಸ್‌ಎಂಎಲ್ ಎಂಬ ಜನಪ್ರಿಯ ಲೈಬ್ರರಿಯಲ್ಲಿ ಟ್ಯಾಗಿನ ನಂತರ ಬರುವ ಪಠ್ಯವನ್ನು ಆ ಟ್ಯಾಗಿನದೇ ಬಾಲ ಎಂದು ಇಟ್ಟುಕೊಳ್ಳುತ್ತಾರೆ. ನಮ್ಮ ಉದಾಹರಣೆಯಲ್ಲಿ "ಅಢತಿಯಾನಿ ವಸಾನಿ" ಎಂಬುದು "ತ್ರುಟಿತ"ದ ಬಾಲ. ಈ ತ್ರುಟಿತದ ಗುರುತು ಬೇಡ, ತೆಗೆದುಬಿಡೋಣ ಎಂದು ಆ ಟ್ಯಾಗನ್ನು ಮರದಿಂದ ಕಿತ್ತರೆ ಬಾಲವೂ ಜೊತೆಗೆ ಹೋಗುತ್ತದೆ. ಎಚ್ಚರಿಕೆಯ ಸಂದೇಶ ಏನೂ ಬರುವುದಿಲ್ಲ. ಸಾಲಿನ ಗುರುತುಗಳನ್ನು ತೆಗೆಯಲು ಹೋದರಂತೂ ಇಡೀ ಶಾಸನವೇ ಸಾಲು ಸಾಲಾಗಿ ಮಾಯ. ಟ್ಯಾಗನ್ನು ಮಾತ್ರ ತೆಗೆದು ಬಾಲ ಉಳಿಸುವ ಬೇರೆ ಆಜ್ಞೆ ಅದೇ ಲೈಬ್ರರಿಯಲ್ಲಿ ಇದೆ, ಅದನ್ನೇ ಬಳಸಬೇಕು.

ಈಗ ಖಾಲಿ ಜಾಗದ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಕನ್ನಡ ಶಾಸನಗಳಿಗೆ ಅತಿ ಹೆಚ್ಚು ಹಾನಿ ಮಾಡುವುದು ಇದೇ. ನಮ್ಮ ಹಳಗನ್ನಡ ಶಾಸನಗಳಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿ ಇಲ್ಲ. ಅಚ್ಚಿನಲ್ಲಿ ಕಾಣುವ ಪ್ರತಿಯೊಂದು ಜಾಗವೂ ಸಂಪಾದಕರ ತೀರ್ಮಾನ. ಸಾಲು ಮುಗಿದಾಗ ಪದವೂ ಮುಗಿದಿರಬೇಕೆಂದಿಲ್ಲ. ವೀರಗಲ್ಲುಗಳಲ್ಲಿ ಬರುವ "ಊರಳಿವು" ಎಂಬ ಪದ ನೋಡಿ. ಕಲ್ಲಿನ ಅಂಚಿಗೆ ಬಂದಾಗ "ಊರ" ಒಂದು ಸಾಲಿನಲ್ಲಿ, "ಳಿವು" ಮುಂದಿನ ಸಾಲಿನಲ್ಲಿ ಬೀಳಬಹುದು. ಪದ ಒಂದೇ ಎಂದು ಹೇಳಲು ಹೀಗೆ ಬರೆಯಬೇಕು:

ಊರ<ಸಾಲು ಸಂಖ್ಯೆ="4" ಪದಭಂಗ="ಇಲ್ಲ"/>ಳಿವು

ಇದನ್ನು ಮರ ಮಾಡಿ, "ಓದಲು ಚಂದ ಕಾಣುವಂತೆ ಬರೆ" ಎಂಬ ಆಯ್ಕೆ ಒತ್ತಿ ಹೊರಗೆ ತೆಗೆದರೆ, ಕೆಲವು ಉಪಕರಣಗಳು ಪ್ರತಿಯೊಂದು ಟ್ಯಾಗನ್ನೂ ಹೊಸ ಸಾಲಿನಲ್ಲಿ ಹಾಕುತ್ತವೆ. ಆ ಹೊಸ ಸಾಲೂ ಪಠ್ಯವೇ ತಾನೇ. ಮುಂದೆ ಟ್ಯಾಗು ಕಳಚಿದಾಗ ಉಳಿಯುವುದು "ಊರ ಳಿವು". ಯಾರಾದರೂ ರಾಯಚೂರು ಜಿಲ್ಲೆಯ ಊರಳಿವಿನ ವೀರಗಲ್ಲುಗಳನ್ನೆಲ್ಲ ಹುಡುಕಲು ಕೂತರೆ ಈ ಕಲ್ಲು ಸಿಗುವುದೇ ಇಲ್ಲ. "ಳಿವು" ಎಂಬ ಇಲ್ಲದ ಪದವೊಂದು ಪದಸೂಚಿಗೆ ಸೇರಿಕೊಳ್ಳುತ್ತದೆ. ಬ್ಯೂಟಿಫುಲ್ ಸೂಪ್ ಎಂಬ ಲೈಬ್ರರಿಯ ಕೈಪಿಡಿಯೇ ಈ ಚಂದದ ಆಯ್ಕೆ ದಾಖಲೆಯ ಅರ್ಥವನ್ನು ಬದಲಿಸುತ್ತದೆ, ಮರುಬರಹಕ್ಕೆ ಬಳಸಬೇಡಿ ಎಂದು ಎಚ್ಚರಿಸುತ್ತದೆ. ಕೈಪಿಡಿ ಓದುವವರು ಯಾರು, ಬಿಡಿ. ಸಿಂಧನೂರು, ಲಿಂಗಸುಗೂರು ಸುತ್ತಿನ ಹಳ್ಳಿಗಳಲ್ಲಿ ಈಗ ಹುಡುಗರು ಫೋನಿನಲ್ಲೇ ವೀರಗಲ್ಲಿನ ಚಿತ್ರ ತೆಗೆದು, ಅಲ್ಲೇ ಓದಿ ಟೈಪ್ ಮಾಡುತ್ತಾರೆ. ಅಂಥ ಓದುಗಳಲ್ಲಿ ಕೆಲವಕ್ಕೆ ಬೇರೆ ಪ್ರತಿಯೇ ಇರುವುದಿಲ್ಲ, ಕಲ್ಲು ನಾಳೆ ರಸ್ತೆ ಅಗಲೀಕರಣಕ್ಕೆ ಹೋದರೆ ಉಳಿಯುವುದು ಈ ಅಕ್ಷರದ ಸಾಲೇ. ಅಲ್ಲಿ ಸೇರಿಕೊಂಡ ಒಂದು ಖಾಲಿ ಜಾಗವನ್ನು ತಿದ್ದಲು ಆಮೇಲೆ ಯಾವ ಆಧಾರವೂ ಇರುವುದಿಲ್ಲ.

ಅಕ್ಷರದ ಸಂಕೇತದ ಬಗ್ಗೆ ಚುಟುಕಾಗಿ. ಮೇಲೆ ಹೇಳಿದ ಎಲ್‌ಎಕ್ಸ್‌ಎಂಎಲ್‌ಗೆ ಸಂಕೇತ ಯಾವುದು ಎಂದು ಹೇಳದೆ ಮರವನ್ನು ಬರೆ ಅಂದರೆ "ಅಸೋಕಸ" ಹೀಗೆ ಹೊರಗೆ ಬರುತ್ತದೆ: &#3205;&#3256;&#3275;&#3221;&#3256;. ಬ್ರೌಸರಿನಲ್ಲಿ ಇದು ಅಸೋಕಸ ಎಂದೇ ಕಾಣುತ್ತದೆ. ತಪ್ಪಲ್ಲ, ಆದರೆ ಫೈಲಿನೊಳಗೆ ಕನ್ನಡದಲ್ಲಿ ಹುಡುಕಿದರೆ ಸಿಗೋದಿಲ್ಲ. ಯುಟಿಎಫ್-8 ಎಂದು ಒಂದು ಮಾತು ಹೇಳಿದರೆ ಮುಗಿಯಿತು. ಮೂಲ ಬ್ರಾಹ್ಮಿಯಲ್ಲೇ ಇಡುತ್ತೇನೆ ಅನ್ನುವವರಿಗೆ ಇನ್ನೊಂದು ಹಳ್ಳ ಇದೆ. ಬ್ರಾಹ್ಮಿ ಲಿಪಿ ಯೂನಿಕೋಡಿಗೆ 2010ರಲ್ಲಿ ಬಂತು, ದೊಡ್ಡ ಸಂಖ್ಯೆಗಳ ಕೋಣೆಯಲ್ಲಿ ಜಾಗ ಸಿಕ್ಕಿತು. ಅಸೋಕ ಎಂಬುದರ ಮೊದಲಕ್ಷರವಾದ ಬ್ರಾಹ್ಮಿ "ಅ" ಸರಿಯಾಗಿ ಬರೆದರೆ &#69637;. ಆದರೆ ಒಳಗೆ ಅದನ್ನು ಎರಡು ತುಂಡಾಗಿ ಇಟ್ಟುಕೊಳ್ಳುವ ಪ್ರೋಗ್ರಾಂ ಆ ತುಂಡುಗಳನ್ನೇ ಬೇರೆ ಬೇರೆ ಬರೆದರೆ &#55300;&#56325; ಆಗುತ್ತದೆ. ಎಕ್ಸ್‌ಎಂಎಲ್‌ನಲ್ಲಿ ಅದು ಅಕ್ಷರವೇ ಅಲ್ಲ, ಮತ್ತೆ ಓದಲು ಹೋದರೆ ಫೈಲು ತೆರೆಯುವುದಿಲ್ಲ. (ಯೂನಿಕೋಡ್ ಅಂದಾಗ ನೆನಪಾಯಿತು: ನಮ್ಮ ಹಳಗನ್ನಡದ ೞ ಅಕ್ಷರಕ್ಕೆ ಅಲ್ಲಿ ಅಧಿಕೃತವಾಗಿ ಇರುವ ಹೆಸರು "ಫ" ಎಂಬರ್ಥದ್ದು. ಇಟ್ಟ ಹೆಸರು ಬದಲಿಸುವಂತಿಲ್ಲ ಎಂಬುದು ಅವರ ನಿಯಮ, ಆದ್ದರಿಂದ ತಿದ್ದುಪಡಿಯ ಅಡ್ಡಹೆಸರು ಕೊಟ್ಟು ಸುಮ್ಮನಾಗಿದ್ದಾರೆ.)

ಪಾಠವನ್ನು ಗಿಟ್‌ನಲ್ಲಿ ಇಟ್ಟು, ಯಾರು ಯಾವ ಓದನ್ನು ಯಾವಾಗ ಬದಲಿಸಿದರು ಎಂದು ನೋಡುವವರಿಗೆ ಸೀರಿಯಲೈಸರ್ ಬೇರೆ ರೀತಿ ಕಾಡುತ್ತದೆ. ಮರದ ದೃಷ್ಟಿಯಲ್ಲಿ ಆಟ್ರಿಬ್ಯೂಟುಗಳ ಅನುಕ್ರಮಕ್ಕೆ ಅರ್ಥವಿಲ್ಲ, ಉದ್ಧರಣ ಚಿಹ್ನೆ ಒಂಟಿಯೋ ಜೋಡಿಯೋ ಲೆಕ್ಕಕ್ಕಿಲ್ಲ. ಒಂದು ಉಪಕರಣ ಒಂದು ಥರ ಬರೆಯುತ್ತದೆ, ಇನ್ನೊಂದು ಇನ್ನೊಂದು ಥರ. ಉಪಕರಣ ಬದಲಾದ ದಿನ ಫೈಲಿನ ಪ್ರತಿ ಸಾಲೂ ಬದಲಾದಂತೆ ಕೆಂಪಾಗಿ ಕಾಣುತ್ತದೆ. ಅದರ ನಡುವೆ ಒಬ್ಬರು "ಬುಧಸಕೆ"ಯನ್ನು "ಉಪಾಸಕೆ" ಮಾಡಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಇದಕ್ಕೆಂದೇ ಡಬ್ಲ್ಯೂ3ಸಿ 2001ರಲ್ಲಿ ಕೆನಾನಿಕಲ್ ಎಕ್ಸ್‌ಎಂಎಲ್ ಎಂಬ ನಿಯಮ ಕೊಟ್ಟಿತು. ಆಟ್ರಿಬ್ಯೂಟುಗಳನ್ನು ಗೊತ್ತಾದ ಕ್ರಮದಲ್ಲಿ ಜೋಡಿಸು, ಖಾಲಿ ಟ್ಯಾಗನ್ನು ತೆರೆದು ಮುಚ್ಚಿ ಬರೆ, ಯುಟಿಎಫ್-8 ಬಳಸು, ಹೀಗೆ. ಹೋಲಿಸುವ ಮೊದಲು ಎರಡೂ ಪ್ರತಿಯನ್ನು ಈ ರೂಪಕ್ಕೆ ತಂದರೆ ಉಳಿಯುವ ವ್ಯತ್ಯಾಸ ನಿಜವಾದ ವ್ಯತ್ಯಾಸ.

ಒಂದೇ ಪಾಠ ಬೇರೆ ಬೇರೆ ಕೈಯಲ್ಲಿ ಬೇರೆ ಬೇರೆಯಾಗಿ ಹೊರಬರುವ ಸಂಕಟ ಅಶೋಕನಿಗೂ ಹೊಸದಲ್ಲ. ಈ ಆಜ್ಞೆ ಒಂದು ಕರಡಾಗಿ ಹೊರಟು ಹತ್ತಾರು ಬಂಡೆಗಳಲ್ಲಿ ಇಳಿಯಿತು. ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿಯ ಪ್ರತಿ ನೋಡಿ. ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕುಶಲ ಕೇಳಿ ಬರೆಸಿದ ಮೇಲೋಲೆಯೂ ಅಲ್ಲಿ ಕಲ್ಲಿಗೆ ಬಿದ್ದಿದೆ. ನಾವು ಫೈಲಿನ ತಲೆಭಾಗದಲ್ಲಿ ಇಡುವ ವಿವರಗಳು ಪಾಠದ ಜೊತೆ ಅಚ್ಚಾಗಿಬಿಟ್ಟರೆ ಹೇಗಿರುತ್ತದೋ ಹಾಗೆ. ಆ ಮೇಲೋಲೆ ಅಲ್ಲಿ ಉಳಿದದ್ದರಿಂದಲೇ ದಕ್ಷಿಣದ ಮೌರ್ಯ ಆಡಳಿತದ ಬಗ್ಗೆ ನಮಗೆ ಇಷ್ಟಾದರೂ ಗೊತ್ತು. ಸುವರ್ಣಗಿರಿ ಅಂದರೆ ಮಸ್ಕಿಗೆ ದಕ್ಷಿಣದ ಕನಕಗಿರಿ ಎಂದು ಗುರುತಿಸುವವರೂ ಇದ್ದಾರೆ. ಮಸ್ಕಿಯ ಪ್ರತಿಯಲ್ಲಿ ಆ ಓಲೆ ಇಲ್ಲ, ಬದಲಿಗೆ ರಾಜನ ಹೆಸರಿದೆ. ಒಂದು ಕಡೆ ಕಳಿಸಿದವರ ವಿವರ ಉಳಿಯಿತು, ಇನ್ನೊಂದು ಕಡೆ ಹೆಸರು ಉಳಿಯಿತು. ಎರಡನ್ನೂ ಸರಿಮಾಡಿ ಒಂದೇ ಪಾಠ ಮಾಡಿಟ್ಟಿದ್ದರೆ ಎರಡರಲ್ಲೊಂದು ಹೋಗಿರುತ್ತಿತ್ತು.

ಅದೇ ಬ್ರಹ್ಮಗಿರಿಯ ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಹೆಸರು ಬರೆದು "ಲಿಪಿಕರೇಣ" ಎಂಬ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಬಲದಿಂದ ಎಡಕ್ಕೆ ಓಡುವ ಲಿಪಿ ಅದು. ಮರದಲ್ಲಿ ಅಕ್ಷರಗಳು ಓದುವ ಕ್ರಮದಲ್ಲಿ ಕೂರುತ್ತವೆ, ಕಣ್ಣಿಗೆ ಕಾಣುವ ಕ್ರಮದಲ್ಲಲ್ಲ. ಖರೋಷ್ಠಿಯ ದಿಕ್ಕು ಯೂನಿಕೋಡಿಗೆ ಗೊತ್ತಿರುವುದರಿಂದ ಬ್ರೌಸರ್ ಅದನ್ನು ತಿರುಗಿಸಿ ತೋರಿಸುತ್ತದೆ. ಆದರೆ ಕನ್ನಡ ಲಿಪಿಗೆ ತಂದ ಕೂಡಲೇ ಆ ಸಂಗತಿ ಹೋಯಿತು. ಲಿಪಿ ಯಾವುದು ಎಂಬುದನ್ನು ಟ್ಯಾಗಿನಲ್ಲಿ ಬರೆದಿಡದಿದ್ದರೆ, ಚಪಡ ವಾಯವ್ಯದ ಲಿಪಿ ಬಲ್ಲವನಾಗಿದ್ದ ಅನ್ನುವ ಸುಳಿವೇ ಮರದಿಂದ ಹೊರಗೆ ಬರುವುದಿಲ್ಲ. ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಂತೂ ಬ್ರಾಹ್ಮಿಯನ್ನೇ ಕೆಲವು ಸಾಲುಗಳಲ್ಲಿ ಬಲದಿಂದ ಎಡಕ್ಕೆ ಕೆತ್ತಿದ್ದಾರೆ, ಅದೂ ಒಂದು ಕ್ರಮದಲ್ಲಲ್ಲ. ಬ್ರಾಹ್ಮಿ ಎಂದರೆ ಎಡದಿಂದ ಬಲಕ್ಕೆ ಎಂದು ಯೂನಿಕೋಡ್ ತೀರ್ಮಾನಿಸಿಬಿಟ್ಟಿರುವುದರಿಂದ ಅಲ್ಲಿ ಪ್ರತಿ ಸಾಲಿನ ಗುರುತಿಗೂ ದಿಕ್ಕನ್ನು ನಾವೇ ಬರೆಯಬೇಕು: <ಸಾಲು ದಿಕ್ಕು="ಬಲದಿಂದ ಎಡಕ್ಕೆ"/>.

ಕಂಸ ಹಾಕಿ ಬರೆಯುವ ಅಭ್ಯಾಸ ಇರುವವರಿಗೆ ಇಷ್ಟೆಲ್ಲ ಟ್ಯಾಗು ಬರೆಯುವುದು ಕಿರಿಕಿರಿ ಅನ್ನುವುದು ನಿಜ. ಪಪೈರಸ್‌ನವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಪಪೈರಿ ಡಾಟ್ ಇನ್ಫೋ ತಾಣದಲ್ಲಿ ಸಂಪಾದಕರು ಲೈಡನ್ ಪ್ಲಸ್ ಎಂಬ, ಕಂಸಗಳನ್ನೇ ಹೋಲುವ ಬರಹದಲ್ಲಿ ಟೈಪ್ ಮಾಡುತ್ತಾರೆ. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ರೂಪಿಸಿದ ಎಕ್ಸ್‌ಶುಗರ್ ಎಂಬ ಸಲಕರಣೆ ಅದನ್ನು ಎಪಿಡಾಕ್ ಮಾಡುತ್ತದೆ. ಮತ್ತೆ ತೆರೆದಾಗ ಎಪಿಡಾಕ್‌ನಿಂದ ಅದೇ ಕಂಸದ ಬರಹ ವಾಪಸ್ ಬರುತ್ತದೆ. ಎರಡೂ ದಿಕ್ಕಿನ ನಿಯಮ ಒಂದೇ ವ್ಯಾಕರಣದಲ್ಲಿ ಇರುವುದರಿಂದ ಹೋಗುವಾಗ ಒಂದು ಅರ್ಥ, ಬರುವಾಗ ಇನ್ನೊಂದು ಅರ್ಥ ಆಗುವ ಭಯ ಕಡಿಮೆ. ಎಪಿಗ್ರಾಫಿಯಾ ಇಂಡಿಕಾದ ಕಂಸಗಳಿಗೆ, ಕನ್ನಡ ಲಿಪಿಯಲ್ಲೇ ಟೈಪ್ ಮಾಡುವವರಿಗೆ, ಇಂಥದೊಂದು ವ್ಯಾಕರಣ ಬರೆಯುವುದು ಅಸಾಧ್ಯದ ಕೆಲಸವೇನಲ್ಲ.

ಅಲ್ಲಿಯವರೆಗೆ ಯಾವುದೇ ಉಪಕರಣವನ್ನು ನಂಬುವ ಮೊದಲು ಮಾಡಬಹುದಾದ ಪರೀಕ್ಷೆ ಒಂದಿದೆ. ಫೈಲನ್ನು ಓದಿಸಿ ಮರ ಮಾಡಿ, ಹೊರಗೆ ಬರೆಸಿ. ಬರೆಸಿದ್ದನ್ನು ಮತ್ತೆ ಓದಿಸಿ ಎರಡನೇ ಮರ ಮಾಡಿ. ಎರಡೂ ಮರ ಕೊಂಬೆಗೆ ಕೊಂಬೆ, ಎಲೆಗೆ ಎಲೆ ಒಂದೇ ಇರಬೇಕು. ನಾನು ಇದಕ್ಕೆ ಮೂರು ತುಂಡು ಇಟ್ಟುಕೊಂಡಿದ್ದೇನೆ: ಮಸ್ಕಿಯ ಮೊದಲ ಸಾಲು ತ್ರುಟಿತ ಸಮೇತ, ಸಾಲಿನ ನಡುವೆ ಒಡೆದ ಊರಳಿವು, ಚಪಡನ ಖರೋಷ್ಠಿ ಪದ. ಈ ಮೂರನ್ನೂ ಒಳಗೆ ಹಾಕಿ ಹೊರಗೆ ತೆಗೆದಾಗ ಚುಕ್ಕೆ, ಜಾಗ, ಲಿಪಿಯ ಹೆಸರು ಮೂರೂ ಇದ್ದಲ್ಲೇ ಇದ್ದರೆ ಉಳಿದ ಶಾಸನಗಳನ್ನು ಕೊಡಬಹುದು.